ದಾವಲ್‌ಸಾಬನಿಗೆ ಬಂದ ಅಂಕ

ತಾಮ್ರದ ತಟ್ಟೆಯ ಮೇಲೆ ಅಂಗೈ ಊರಿ, ಮಹಾಂತೇಶ ಕೊಣ್ಣೂರ ಬಂದ ಆಕಳಿಕೆಯನ್ನು ಹಾಗೇ ನುಂಗಿಕೊಂಡ. "ಈ ಮನುಷ್ಯ ಈ ಕೆಲಸಕ್ಕೆ ತಕ್ಕವನು, ನಾನು ಬಲ್ಲೆ" ಎಂಬ ಕಡ್ಡಾಯದ ಮಾತನ್ನು ಹೇಳಿ ಮುಗಿಸಿದ್ದ. ಗೋಡೆಯ ಮೇಲಿನ ಅಂಕಿ ಸರಸರನೆ ಏರಿ ಎಂಬತ್ತೊಂಬತ್ತಕ್ಕೆ ನಿಂತಿತು. ಎದುರಿಗೆ ಕೂತಿದ್ದವನು ಎದ್ದು ಕಾಲಿಗೆ ಬೀಳಲು ಬಂದ. ಎರಡು ತಿಂಗಳು ಮಹಾಂತೇಶನ ಕೈಕೆಳಗೆ ದಿನಗೂಲಿ ಮಾಡಿದ ಆಸಾಮಿ. ಇದ್ದರೂ ನಡೆಯುತ್ತಿತ್ತು, ಹೋದರೂ ನಡೆಯುತ್ತಿತ್ತು. "ಸಾಕು ಬಿಡಪಾ, ನಾಳಿಂದ ಹೊತ್ತಿಗೆ ಸರಿಯಾಗಿ ಬಾ" ಎಂದು ಮಹಾಂತೇಶ ಕೈ ಒರೆಸಿಕೊಂಡ.

ಹುಬ್ಬಳ್ಳಿಯ ಹೊರಗೆ, ಸತ್ತ ಬ್ಯಾಟರಿಗಳನ್ನು ಬಿಚ್ಚಿ ಲೋಹ ತೆಗೆಯುವ ಆ ಕಾರ್ಖಾನೆಗೆ ಹೊಸಬರು ಬರುತ್ತಿದ್ದುದು ಹೀಗೆಯೇ. ಒಳಗಿನವರೊಬ್ಬರು ಶಿಫಾರಸು ಮಾಡಬೇಕು, ನಂಬಿಕೆಮಾಪಕ ಅದನ್ನು ತೂಗಬೇಕು. ಜನರ ಬಾಯಲ್ಲಿ ಅದು ಬರೀ ತಕ್ಕಡಿ. ಮನುಷ್ಯ ತನಗೇ ಭರವಸೆಯಿಲ್ಲದ ಮಾತಾಡುವಾಗ ಅಂಗೈ ಬೆವರುತ್ತದೆ, ನಾಡಿ ಎಡವುತ್ತದೆ, ಕಿವಿಗೆ ಕೇಳದಷ್ಟು ಸಣ್ಣಗೆ ದನಿ ನಡುಗುತ್ತದೆ. ಇವನ್ನೆಲ್ಲ ಕೂಡಿಸಿ ಯಂತ್ರ ನೂರಕ್ಕೆ ಇಷ್ಟು ಎಂದು ಹೇಳುತ್ತಿತ್ತು. ಎಪ್ಪತ್ತು ದಾಟಿದರೆ ಕೆಲಸ. ಈ ಯಂತ್ರ ಬರುವ ಮುಂಚೆ ಜಾತಿ ನೋಡಿ, ಬೀಗರ ಮುಖ ನೋಡಿ, ಎಂಥೆಂಥ ಕೈಲಾಗದವರನ್ನೆಲ್ಲ ತುಂಬಿಕೊಂಡು ಎಷ್ಟೋ ಕಾರ್ಖಾನೆಗಳು ಎಕ್ಕುಟ್ಟಿ ಹೋಗಿದ್ದವು. ಹಾಗಾಗಿ ಧಾರವಾಡದ ವಿಜ್ಞಾನಿ ವೃಂದಾ ಕಟ್ಟಿ ಇದನ್ನು ಕಂಡುಹಿಡಿದಾಗ ಕೊಂಡಾಡಿದವರಲ್ಲಿ ಮಹಾಂತೇಶನೂ ಒಬ್ಬ.

ದಾವಲ್‌ಸಾಬ ನದಾಫ ಅವನನ್ನು ಹುಡುಕಿಕೊಂಡು ಬಂದದ್ದು ಒಂದು ಬೇಸಿಗೆಯಲ್ಲಿ. ಗದಗ ರಸ್ತೆಯ ಲಾರಿ ಗ್ಯಾರೇಜಿನಲ್ಲಿ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಡೀಸೆಲ್ ಲಾರಿಗಳ ಕಾಲ ಮುಗಿದು ಗ್ಯಾರೇಜು ಮುಚ್ಚಿದ ಮೇಲೆ ಮಹಾಂತೇಶ ಕಾರ್ಖಾನೆ ಸೇರಿ ಮೇಲ್ವಿಚಾರಕನಾದ. ದಾವಲ್‌ಸಾಬ ಸಿಕ್ಕ ಕೆಲಸ ಮಾಡಿಕೊಂಡು ದಿನ ದೂಡಿದ. ಈಗ ಅವನಿಗೆ ಐವತ್ತೈದು. ಕಾರ್ಖಾನೆಯವರು ಹೊಸಬರನ್ನು ತೆಗೆದುಕೊಳ್ಳಲು ಅದೇ ಕೊನೆಯ ವಯಸ್ಸು.

"ಲೇ ಮಾಂತ್ಯಾ, ಇಷ್ಟು ದಿವಸ ನಿನ್ನ ಏನೂ ಕೇಳಿಲ್ಲ ನಾ" ಎಂದ ದಾವಲ್‌ಸಾಬ.

"ಕೇಳಬೇಕೇನಲೇ ನೀ? ನಾಳೆ ಬಾ. ನಿನ್ನ ಹೆಸರು ಹೇಳಿದ್ರ ತಕ್ಕಡಿ ಒಡದ ಹೋಗ್ತೈತಿ ನೋಡು."

ಮರುದಿನ ದಾವಲ್‌ಸಾಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಎದುರಿಗೆ ಕೂತ. ಎಂದೂ ಇಸ್ತ್ರಿಯ ಗೊಡವೆಗೆ ಹೋದವನಲ್ಲ. ಅದನ್ನು ನೋಡಿದ್ದೇ ಮಹಾಂತೇಶನಿಗೆ ದಿಗಿಲು ಹತ್ತಿತು. ಇದು ಆಗದಿದ್ದರೆ ಇವನ ಗತಿಯೇನು? ಆದ ಮೇಲೆ, ಈ ವಯಸ್ಸಿನಲ್ಲಿ, ಆ ಕುಲುಮೆಯ ಕಾವಿನಲ್ಲಿ ಇವನಿಗೇನಾದರೂ ಆದರೆ? ಅಂಗೈ ಊರಿ ಹೇಳಬೇಕಾದ್ದನ್ನು ಹೇಳಿದ. ಅಂಕಿ ತೆವಳುತ್ತ ತೆವಳುತ್ತ ನಲವತ್ತೊಂದಕ್ಕೆ ಬಂದು ಕೂತುಬಿಟ್ಟಿತು.

ದಾವಲ್‌ಸಾಬ ಅಂಕಿಯನ್ನು ನೋಡಿದ, ಗೆಳೆಯನನ್ನು ನೋಡಿದ. ಎದ್ದು ಹೋದ.

ತಕ್ಕಡಿಯನ್ನು ಪರೀಕ್ಷಿಸಲು ವೃಂದಾ ಕಟ್ಟಿ ಆಗಾಗ ಕಾರ್ಖಾನೆಗೆ ಬರುತ್ತಿದ್ದರು. ಆ ವಾರ ಬಂದಾಗ ಮಹಾಂತೇಶ ಅವರೆದುರು ನಿಂತ. "ನಿಮ್ಮ ಯಂತ್ರ ಕೆಟ್ಟೈತ್ರಿ ಮೇಡಂ. ಬ್ಯಾರೇದವರಿಗೆ ಎಂಬತ್ತು ತೊಂಬತ್ತು ಕೊಡ್ತೈತಿ. ನನ್ನ ಜೀವದ ಗೆಳ್ಯಾಗ ನಲವತ್ತೊಂದ್ರೀ."

ವಿಜ್ಞಾನಿ ಸ್ಕ್ರೂಡ್ರೈವರ್ ಕೆಳಗಿಟ್ಟು ಕನ್ನಡಕ ತೆಗೆದರು. ಕಣ್ಣ ಕೆಳಗೆ ಕಪ್ಪಾಗಿತ್ತು. "ಕೆಟ್ಟಿಲ್ಲ. ಅದು ಅಳೆಯೋದು ಹೆದರಿಕೆ. ಒಬ್ಬನ್ನ ನಂಬದೇ ಹೆದರೋದು ಬ್ಯಾರೆ, ಅವನ ಸಲುವಾಗಿ ಹೆದರೋದು ಬ್ಯಾರೆ. ಮೈಗೆ ಎರಡೂ ಒಂದೇ ಅದ, ಮಹಾಂತೇಶ ಅವರ. ಬೆವರು ಒಂದೇ, ನಾಡಿ ಒಂದೇ. ಯಾರ ಬಗ್ಗೆ ನಮಗ ಏನೂ ಅನಸೂದಿಲ್ಲೋ ಅವರಿಗೆ ಅಂಕ ಭಾಳ ಬೀಳ್ತದ."

"ಮತ್ತ ಇದನ್ನ ಕಂಪನಿಯವರಿಗೆ ಹೇಳ್ರಿ."

"ಹೇಳಿ ಎರಡು ವರ್ಷ ಆತು. ಅವರಿಗೆ ಹಿಂಗ ಇದ್ರನ ಚಲೋ ಅಂತ. ಹಿಂಗ ಬಂದವರನ್ನ ನಾಳೆ ತೆಗೆದು ಹಾಕಿದ್ರ, ಯಾಕ್ರೀ ಅಂತ ಕೇಳ್ಲಿಕ್ಕೆ ಯಾರೂ ಬರೂದಿಲ್ಲ ನೋಡ್ರಿ." ಅವರು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡರು. ಇದೇ ಮಾತನ್ನು ಅದೆಷ್ಟು ಜನರಿಗೆ ಹೇಳಿದ್ದರೋ, ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ.

ಊರಿನ ಜನವೇನು ದಡ್ಡರಲ್ಲ. ವಿಜ್ಞಾನ ತಿಳಿಯದಿದ್ದರೂ ಸಂಗತಿ ತಿಳಿದಿತ್ತು. ನೀ ನಮ್ಮವನಿಗೆ ಹೇಳು, ನಾ ನಿಮ್ಮವನಿಗೆ ಹೇಳ್ತೇನಿ ಎಂದು ಕ್ಯಾಂಟೀನಿನಲ್ಲೇ ಮಾತು ಕುದುರುತ್ತಿತ್ತು. ಮಹಾಂತೇಶನೂ ಕೊನೆಗೆ ಅದೇ ದಾರಿ ಹಿಡಿದ. ಲೋಡಿಂಗ್ ವಿಭಾಗದ ಚಿದಾನಂದನನ್ನು ಕರೆದೊಯ್ದು ದಾವಲ್‌ಸಾಬನ ಜೊತೆ ಒಂದು ಕಪ್ ಚಹಾ ಕುಡಿಸಿದ. ಚಿದಾನಂದನಿಗೆ ಮೊಬೈಲಿನಿಂದ ತಲೆ ಎತ್ತಲೂ ಪುರಸೊತ್ತಿರಲಿಲ್ಲ. ಮರುದಿನ ತಟ್ಟೆಯ ಮೇಲೆ ಕೈಯಿಟ್ಟು ಹೇಳಿದ. ತೊಂಬತ್ತೆರಡು ಬಂತು.

ದಾವಲ್‌ಸಾಬನಿಗೆ ಕೆಲಸವಾಯಿತು, ಅದೂ ಮಹಾಂತೇಶನ ಶೆಡ್ಡಿನಲ್ಲೇ. ಮೊದಲ ದಿನ ಬಂದವನು, "ನಮಸ್ಕಾರ್ರೀ ಸಾಹೇಬ್ರ" ಎಂದ. ಮಹಾಂತೇಶ ಚೇಷ್ಟೆ ಎಂದುಕೊಂಡು ನಕ್ಕ. ಎರಡನೆಯ ದಿನವೂ ಸಾಹೇಬ್ರ, ವಾರ ಕಳೆದರೂ ಸಾಹೇಬ್ರ. ಕೆಲಸದಲ್ಲಿ ಒಂದು ಕೊಂಕಿಲ್ಲ, ಊಟಕ್ಕೆ ಮಾತ್ರ ಬೇರೆ ಕೂರುತ್ತಿದ್ದ. ಒಂದು ಮಧ್ಯಾಹ್ನ ಮಹಾಂತೇಶ ಡಬ್ಬಿ ಹಿಡಿದು ತಾನೇ ಹೋಗಿ ಅವನ ಪಕ್ಕ ಕೂತ. ವಿಜ್ಞಾನಿ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದ. "ನಿನ್ನ ಮ್ಯಾಲೆ ಡೌಟ್ ಇದ್ದಿದ್ದಿಲ್ಲೋ. ನಿನ್ನ ಸಲುವಾಗಿ ಜೀವ ಹೊಯ್ದಾಡ್ತಿತ್ತು, ಅಷ್ಟ."

ದಾವಲ್‌ಸಾಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಬಹಳ ದಿನಗಳ ಮೇಲೆ ಅವನ ಬಾಯಲ್ಲಿ ಹಳೆಯ ನೀ ಎಂಬ ಮಾತು ಬಂತು.

"ಅದು ನನಗ ಗೊತ್ತಿಲ್ಲೇನು? ಎರಡ ಸಾವಿರದ ಇಪ್ಪತ್ತಾರನೇ ಇಸವಿಯಾಗ ಗ್ಯಾರೇಜಿನ ಮಾಲಕನ ಮುಂದ ನಿನ್ನ ಸಲುವಾಗಿ ನಾನ ಹೇಳಿದ್ದೆ. ನಮ್ಮ ಹುಡುಗ, ಚಲೋ ಅದಾನ, ತಗೋರಿ ಅಂತ. ಆಗ ನಿನಗ ನಟ್ಟು ತಿರುವೋ ಪಾನಾ ಹಿಡಿಯಾಕೂ ಬರ್ತಿದ್ದಿಲ್ಲ. ಹೇಳೂ ಮುಂದ ನನ್ನ ಕೈಕಾಲು ನಡಗ್ತಿದ್ವು. ನೀ ಬಾಗಲದಾಗ ನಿಂತು ನನ್ನ ನೋಡಿ ನಗ್ತಿದ್ದಿ. ಎಷ್ಟು ಹೆದರೇನಿ ಅನ್ನೂದು ನಿನಗ ಕಾಣ್ಲಿಲ್ಲ. ಕಾಣದ್ದಕ್ಕ ಮೂವತ್ತ ವರ್ಷ ದೋಸ್ತಿ ಆತು."

"ಮತ್ತ ಈಗ ಏನಾತು?"

"ನನಗ ಕಂಡ್ತಲ್ರೀ, ಸಾಹೇಬ್ರ" ಎಂದು ದಾವಲ್‌ಸಾಬ ಡಬ್ಬಿ ಮುಚ್ಚಿ ಒಳಗೆ ಹೋದ.