ಕೊನೆಗೆ ಹಾಕುವ ಪೊಟ್ಟಣ

ಔಷಧದ ಪೊಟ್ಟಣದಲ್ಲಿ ಆಲೂಗಡ್ಡೆ ಸಿಕ್ಕಿತು. ಬೇಯಿಸಿ, ಹೆಚ್ಚಿ, ಒಣಗಿಸಿದ ಆಲೂಗಡ್ಡೆ. ನೋಡಲು ಥೇಟ್ ತ್ಯಾನ್‌ಮಾ ಗೆಡ್ಡೆಯ ಬಿಲ್ಲೆ. ತಲೆನೋವು, ತಲೆಸುತ್ತಿಗೆಂದು ಅದರ ಕಷಾಯ ಕುಡಿಯುತ್ತಿದ್ದ ತಾಂಗ್ ಅಜ್ಜಿ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದು ಆಸ್ಪತ್ರೆ ಸೇರಿದ್ದಳು.

ಝಾವೊತೊಂಗ್ ಊರಿನ ಆ ಬೀದಿಗೆ ಬೀದಿಯೇ ಪೊಟ್ಟಣ ಕಟ್ಟಿಕೊಟ್ಟಿದ್ದ ಕೂ ಪಂಡಿತರ ಔಷಧದಂಗಡಿ ಮುಂದೆ ನೆರೆಯಿತು. "ಕಳ್ಳ ಔಷಧ!" ಎಲ್ಲರಿಗಿಂತ ಜೋರಾಗಿ ಕೂಗಿದವನು ಅಜ್ಜಿಯ ಮಗ ಗುವೊಪಿಂಗ್. ಇನ್‌ಸ್ಪೆಕ್ಟರ್ ಲುವೊ ಕೈಯಾರೆ ಬಾಗಿಲಿಗೆ ಸೀಲು ಹಾಕಿದಳು. ಐವತ್ತು ವರ್ಷದ ಹೆಸರು ಒಂದೇ ಬೆಳಗ್ಗೆ ಮಣ್ಣುಪಾಲಾಯಿತಲ್ಲ ಎಂದು ಅವಳಿಗೆ ಸಂಕಟವಾಯಿತು.

"ನಾನು ಹಾಕಿದ್ದು ಕಾಡಿನ ಗೆಡ್ಡೆ ಕಣಮ್ಮಾ." ಕೂ ಪಂಡಿತರು ಸೀಲಿನತ್ತ ನೋಡುತ್ತಾ ಅಂದರು.

"ಎಲ್ಲರೂ ಹಾಗೇ ಅಂತಾರೆ, ತಾತ."

*

ಅಜ್ಜಿಯ ನೆರೆಮನೆಯವರು ಇನ್ನೊಂದು ದಾರಿ ತೋರಿದರು. ಅತ್ತೆ-ಸೊಸೆಗೆ ಎಣ್ಣೆ ಸೀಗೆಕಾಯಿ ಅಂತೆ. ಲುವೊ ಸೊಸೆ ಲಿಫೆನ್‌ಳನ್ನು ಹಿಡಿದು ಕೇಳಿದಳು.

"ಕಷಾಯ ಕುದಿಸೋದು ಯಾರು?"

"ನಾನೇ. ನಮ್ಮನೆ ಗಂಡಸು ಅಡುಗೆಮನೆಗೆ ಬರೋದು ಉಣ್ಣೋಕೆ ಮಾತ್ರ."

"ಈಚೆಗೆ ಏನಾದ್ರೂ ಬದಲಾಗಿತ್ತಾ?"

"ನಾಲ್ಕು ದಿನದಿಂದ ಪೊಟ್ಟಣದೊಳಗೆ ಕೊನೆಗೆ ಹಾಕೋ ಚಿಕ್ಕ ಪೊಟ್ಟಣ ಇರ್ಲಿಲ್ಲ. ಪಂಡಿತರೇ ಬಿಟ್ಟಿರ್ಬೇಕು ಅಂದ್ಕೊಂಡೆ."

ಲುವೊ ಮಿಕ್ಕ ಪೊಟ್ಟಣಗಳನ್ನು ಬಿಚ್ಚಿದಳು. ಚಿಕ್ಕ ಪೊಟ್ಟಣದಲ್ಲಿರಬೇಕಾದ ಕೊಕ್ಕೆಬಳ್ಳಿಯ ಚೂರುಗಳು ಬೇರುಗಳ ಜೊತೆ ಕಲೆತು ಬಿದ್ದಿದ್ದವು. ಅವಳ ಮುಖ ಅರಳಿತು.

*

ಆಸ್ಪತ್ರೆಯಲ್ಲಿ ಗುವೊಪಿಂಗ್ ಅಮ್ಮನ ಕಾಲೊತ್ತುತ್ತಾ ಕೂತಿದ್ದ.

"ಕೊಕ್ಕೆಬಳ್ಳಿ ಜಾಸ್ತಿ ಕುದಿದ್ರೆ ಸತ್ವ ಹೋಗುತ್ತೆ," ಲುವೊ ಶುರುಮಾಡಿದಳು. "ಅದಕ್ಕೇ ಕೂ ತಾತ ಅದನ್ನ ಬೇರೆ ಕಟ್ಟಿಡ್ತಾರೆ, ಕೊನೆಗೆ ಹಾಕೋಕೆ. ನಿದ್ದೇಲೂ ಬೆರೆಸೋರಲ್ಲ. ಅಂದ್ರೆ ಮನೇಲೇ ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ದಿನಾ ಕುದಿಸೋ ಲಿಫೆನ್‌ಗೆ ಈ ತಪ್ಪು ಆಗಲ್ಲ. ನಿಮ್ಮನೇಲಿ ಒಲೆ ಮುಖ ನೋಡದವನು ಒಬ್ಬನೇ. ಗೆಡ್ಡೆ ಎಲ್ಲಿ, ಗುವೊಪಿಂಗ್?"

ಅವನ ಕೈ ನಿಂತಿತು. "ನಮ್ಮ ಮ್ಯಾನೇಜರ್ ಹೆಂಡ್ತಿಗೂ ತಲೆನೋವು. ಕಾಡಿನ ಗೆಡ್ಡೆ ಎಲ್ಲೂ ಸಿಗ್ಲಿಲ್ಲ, ಅಮ್ಮನದನ್ನೇ ತೆಗೆದು ಕೊಟ್ಟೆ. ಅಮ್ಮಂಗೆ ಒಂದು ವಾರ ತಪ್ಪಿದ್ರೆ ಏನಾಗುತ್ತೆ ಅಂದ್ಕೊಂಡೆ."

ತಲೆಪಟ್ಟಿಯ ಕೆಳಗೆ ಅಜ್ಜಿ ಒಂದು ಕಣ್ಣು ತೆರೆದಳು. "ಬಡ್ತಿಯಾದ್ರೂ ಸಿಕ್ತೇನೋ?"

"ಇಲ್ಲಮ್ಮಾ."

"ಥೂ, ದಡ್ಡ ಮುಂಡೇದೆ!"

ಬಾಗಿಲಲ್ಲಿ ನಿಂತಿದ್ದ ಲಿಫೆನ್ ಮೊದಲ ಸಲ ಅತ್ತೆಯ ಮಾತಿಗೆ ತಲೆಯಾಡಿಸಿದಳು. ಗುವೊಪಿಂಗ್ ಲುವೊಳ ಹಿಂದೆ ಠಾಣೆಗೆ ನಡೆದ.

*

ಬೀದಿಯವರೆಲ್ಲ ನೋಡುತ್ತಿರುವಾಗಲೇ ಲುವೊ ಸೀಲು ಕಿತ್ತಳು. "ತಪ್ಪಾಯ್ತು, ತಾತ. ಬಾಗಿಲು ತೆಗೀರಿ."

ಕೂ ಪಂಡಿತರು ಹೊಸ್ತಿಲ ಮೇಲೇ ಕುಸಿದು ಕೂತರು. ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

"ಎರಡು ದಿನದಿಂದ ನಂಗೇ ತಲೆಸುತ್ತು ಕಣಮ್ಮಾ. ಒಳಗೆ ಬಾ, ಕಷಾಯಕ್ಕೆ ಒಲೆ ಹಚ್ಚು."