ನಾನೂರ ಹದಿಮೂರನೆಯ ಕಾರ್ಡು

ಬುಧವಾರ ಬೆಳಿಗ್ಗೆ 9.40ಕ್ಕೆ ಸ್ಟರ್ಲಿಂಗ್ ಹೈಟ್ಸ್ ಠಾಣೆಗೆ ಬಂದ ದೂರನ್ನು ಓದಿ ಸಾರ್ಜೆಂಟ್ ನಕ್ಕುಬಿಟ್ಟ. ಕಳುವಾದದ್ದು ಕೈಬರಹದ ಟಿಪ್ಪಣಿ ಕಾರ್ಡುಗಳ ಒಂದು ಪೆಟ್ಟಿಗೆ. ಡಿಟೆಕ್ಟಿವ್ ಶಿವಾನಿಗೆ ನಗು ಬರಲಿಲ್ಲ. ದೂರು ಕೊಟ್ಟ ಎಪ್ಪತ್ತೊಂಬತ್ತರ ಕೇತೇವಾನ್ ಕುರ್ಚಿ ಕೊಟ್ಟರೂ ಕೂತಿರಲಿಲ್ಲ.

10.30ಕ್ಕೆ ಆಕೆಯ ಅಪಾರ್ಟ್‌ಮೆಂಟಿನಲ್ಲಿ ಮಹಜರು ನಡೆಯಿತು. ಬೀಗ ಮುರಿದಿಲ್ಲ. ಲ್ಯಾಪ್‌ಟಾಪು, ಬೆಳ್ಳಿ ಲೋಟಗಳು ಇದ್ದಲ್ಲೇ ಇವೆ.

"ಪೆಟ್ಟಿಗೆಯಲ್ಲಿ ಏನಿತ್ತು?"

"ನಮ್ಮ ಜನರ ಹೆಸರುಗಳು. ನಾನು ಜಾರ್ಜಿಯಾ ದೇಶದವಳು. ಮಧ್ಯಯುಗದ ಗ್ರೀಕರು ನಮ್ಮನ್ನ ಒಂದು ಕಡೆ ಇಬೇರರು ಅಂತ ಬರೆದರು, ಇನ್ನೊಂದು ಕಡೆ ಅಬಸ್ಗರು ಅಂದರು. ನಮ್ಮ ಕರಾವಳಿಯವರು ಲಾಜರಾದರು. ನಾವು ನಮ್ಮನ್ನ ಕರೆದುಕೊಳ್ಳೋದು ಕಾರ್ತ್ವೇಲಿ ಅಂತ. ಮೂವತ್ತು ವರ್ಷ ಒಂದೊಂದೇ ಹುಡುಕಿ ಬರೆದಿಟ್ಟೆ. ಆ ಪೆಟ್ಟಿಗೆಯಲ್ಲಿ ನಾನೂರ ಹನ್ನೆರಡು ಕಾರ್ಡು."

"ಪ್ರತಿ ಇದೆಯಾ?"

"ಹನ್ನೊಂದು ಪೆಟ್ಟಿಗೆ ಸ್ಕ್ಯಾನ್ ಆಗಿವೆ. ಬಾಕಿ ಇದ್ದದ್ದು ಇದೊಂದೇ. ಶುಕ್ರವಾರ ನಾನು ಟಿಬಿಲಿಸಿಗೆ ಹೋಗಬೇಕು, ತಂಗಿಯ ಮನೆಗೆ, ಇನ್ನು ಅಲ್ಲೇ ಇರೋಕೆ. ಆ ಪೆಟ್ಟಿಗೆ ಇಲ್ಲದೆ ಈ ಹೆಸರುಗಳ ಪುಸ್ತಕವಿಲ್ಲ. ಮತ್ತೆ ಓದಿ ಬರೆಯೋಕೆ ನನಗೆ ಕಣ್ಣಿಲ್ಲ."

"ಸ್ಕ್ಯಾನ್ ಮಾಡೋರು ಯಾರು?"

"ಗದಿಗೆಪ್ಪ. ಲೈಬ್ರರಿಯ ಸ್ವಯಂಸೇವಕರು. ಎರಡು ವರ್ಷದಿಂದ ಪ್ರತಿ ಮಂಗಳವಾರ ಬರ್ತಾರೆ. ಕೀಲಿ ಕೊಟ್ಟಿದೀನಿ. ಅವರನ್ನ ಅನುಮಾನಿಸಬೇಡಿ."

ಆ ಹೆಸರನ್ನು ಆಕೆ ಒಂದಕ್ಷರ ತಪ್ಪದೆ ಹೇಳಿದರು. ಏಳು ವರ್ಷದಿಂದ ಠಾಣೆಯಲ್ಲಿ 'ಶಾನಿ' ಎನಿಸಿಕೊಂಡು ಸುಮ್ಮನಿದ್ದ ಶಿವಾನಿಗೆ ಯಾಕೋ ಹೊಟ್ಟೆಕಿಚ್ಚಾಯಿತು. ಆದರೂ ಹನ್ನೆರಡು ಪೆಟ್ಟಿಗೆಗಳಲ್ಲಿ ಸ್ಕ್ಯಾನ್ ಬಾಕಿಯಿದ್ದದ್ದು ಯಾವುದೆಂದು ತಿಳಿದಿದ್ದವರು ಇಬ್ಬರೇ.

ಮಧ್ಯಾಹ್ನ 2.15ಕ್ಕೆ ರಾಚೆಸ್ಟರ್ ಹಿಲ್ಸ್‌ನಲ್ಲಿ ಗದಿಗೆಪ್ಪನವರ ಮನೆ. ಹೊರಗೆ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ಬಾಗಿಲು ತೆರೆದ ಗದಿಗೆಪ್ಪನವರಿಗೆ ಅರವತ್ತಾರು. ಕಾರಿನ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿ ನಿವೃತ್ತರು. ಊಟದ ಮೇಜಿನ ಮೇಲೆ, ಮಡಿಸಿದ ಟವೆಲ್ಲಿನ ಮೇಲೆ, ಪೆಟ್ಟಿಗೆ ಕೂತಿತ್ತು. ಮುಚ್ಚಿಡುವ ಗೋಜಿಗೂ ಅವರು ಹೋಗಿರಲಿಲ್ಲ.

ಧಾರವಾಡದ ಅಪ್ಪ ಅಮ್ಮನ ಮಗಳು ಶಿವಾನಿ ಮನೆಮಾತಿನಲ್ಲೇ ಹೇಳಿದಳು: "ಅಂಕಲ್, ನೀವು ಮಾತಾಡಲೇಬೇಕಂತಿಲ್ರಿ. ಹೇಳಿದ್ದು ಕೋರ್ಟಿಗೆ ಹೋಗ್ತದ. ಲಾಯರ್‌ನ ಕರೀಬಹುದು."

"ಗೊತ್ತೈತ್ರೀ. ಬರ್ರಿ ಒಳಗ."

"ಯಾಕ ತಗೊಂಡ್ರಿ?"

"ಅದು ಕಡೀ ಪೆಟ್ಟಿಗಿ. ಅದು ಮುಗದ್ರ ಅವರು ಹೊಂಟ್ಹೋಗ್ತಾರ. ಆಮ್ಯಾಲ ಮಂಗಳವಾರ ನಾ ಎಲ್ಲಿಗೆ ಹೋಗ್ಲಿ?"

2.50ಕ್ಕೆ ಬಂಧನ. ಕೋಳ ತೊಡಿಸುವ ಮುನ್ನ ಶಿವಾನಿ ಅವರ ಕೋಟಿನ ಗುಂಡಿ ಹಾಕಿದಳು.

ಠಾಣೆಯಲ್ಲಿ ಸಾಕ್ಷ್ಯದ ಪಟ್ಟಿ ಮಾಡುವಾಗ ಕಾರ್ಡುಗಳು ನಾನೂರ ಹದಿಮೂರಾದವು. ಮತ್ತೆ ಎಣಿಸಿದರೂ ಅಷ್ಟೇ. ಕೊನೆಯದರಲ್ಲಿ ಬೇರೆ ಕೈಬರಹ, ಯಾರು ಏನೆಂದು ಕರೆದರೆಂಬ ಉಳಿದವುಗಳ ಕ್ರಮದಲ್ಲೇ, ಇಂಗ್ಲಿಷಿನಲ್ಲಿ:

'ಕಾರ್ಖಾನೆಯಲ್ಲಿ: ಗ್ಯಾರಿ. ಪಕ್ಕದ ಮನೆಯವರು: ಮಿಸ್ಟರ್ ಜಿ. ಕನ್ನಡ ಕೂಟದಲ್ಲಿ: ಅಂಕಲ್. ಕೇತೇವಾನ್: ಗದಿಗೆಪ್ಪ.'

ಗುರುವಾರ ಫೋಟೊ ತೆಗೆದು ಪೆಟ್ಟಿಗೆಯನ್ನು ಹಿಂತಿರುಗಿಸಿದರು. ಕೇತೇವಾನ್ ಆ ಕಾರ್ಡನ್ನು ಭೂತಗನ್ನಡಿಯಲ್ಲಿ ನಿಧಾನ ಓದಿ, ಇದ್ದಲ್ಲೇ ಇಟ್ಟರು.

"ಟಿಕೆಟ್ ಮುಂದೆ ಹಾಕಬಹುದಿತ್ತು," ಎಂದರು. "ಇರಿ ಅಂತ ಅವರು ಒಂದು ಮಾತು ಕೇಳಿದ್ದರೆ ಉಳಿದುಕೊಳ್ತಿದ್ದೆ."

ಶಿವಾನಿ ವರದಿಯ ಕೊನೆಯ ಸಾಲಿನಲ್ಲಿ ಅದನ್ನೇ ಬರೆದಳು: ಆರೋಪಿ ಕೇಳಲಿಲ್ಲ.