ಅಂಗಿಯೊಳಗಿನ ಸ್ವೆಟರ್

ಮದುವೆಯ ಹಿಂದಿನ ದಿನ, ಅರಿಶಿನದ ಶಾಸ್ತ್ರಕ್ಕೆ ಅಂಗಿ ಬಿಚ್ಚಿ ಕೂತಿದ್ದ ಉಮಾಶಂಕರನ ಪಕ್ಕೆಲುಬುಗಳನ್ನು ಅವನ ಸೋದರಮಾವ ಸಣ್ಣಬೀರಯ್ಯ ಒಂದೊಂದಾಗಿ ಮುಟ್ಟಿ ಎಣಿಸಿದ. ಚಪ್ಪರದಲ್ಲಿದ್ದ ಗಂಡಸರು ಹೆಂಗಸರೆಲ್ಲ ನಕ್ಕರು.

ಬಿಳಿಕೆರೆಯಿಂದ ಗಾವಡಗೆರೆಗೆ ಸೊಸೆಯಾಗಿ ಬಂದ ಮೀನಾಗೆ ಇದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ... ಗಂಡ ತನ್ನನ್ನು ಮುಟ್ಟುವುದಿಲ್ಲ!

ಮೊದಮೊದಲು ತಲೆನೋವು ಅಂದ. ಆಷಾಢಕ್ಕೆ ಅವಳು ತವರಿಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಉರಿ ಕಾಯಬೇಕೆಂದು ಹೊಲದಲ್ಲೇ ಮಲಗತೊಡಗಿದ.

'ನಾನು ಅಷ್ಟೊಂದು ಕುರೂಪಿಯಾ?' ಎಂದು ಮೀನಾ ಕನ್ನಡಿಯನ್ನೇ ಕೇಳಿ ಸಾಕಾಗಿದ್ದಳು.

ಅವತ್ತು ಅತ್ತೆ ಮಲ್ಲಾಜಮ್ಮ ಸೊಸೆಯ ಬ್ಯಾಗನ್ನು ಜಗಲಿಗೆ ತಂದಿಟ್ಟರು.

"ಗಂಡನ್ನ ಮನೇಲಿ ನಿಲ್ಲುಸ್ಕೊಳಕ್ಕೆ ಬರ್ದಿದ್ದೋಳು ನಮ್ಗ್ಯಾಕವ್ವ? ಮಧ್ಯಾನದ ಬಸ್ಸಿಗೆ ನಮ್ ಸಣ್ಬೀರಣ್ಣ ಅತ್ತುಸ್ ಬತ್ತಾನೆ."

ಮೀನಾ ನೇರ ಹೊಲಕ್ಕೆ ನಡೆದಳು.

ಆಳುಗಳು ಆಚೆ ಮರದಡಿ ಬರಿಮೈಯಲ್ಲಿ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದರು. ಬ್ಯಾರನ್ನಿನ ಒಲೆಗೆ ಸೌದೆ ನೂಕುತ್ತಿದ್ದ ಉಮಾಶಂಕರ ಮಾತ್ರ ತುಂಬುತೋಳಿನ ಅಂಗಿ ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿದ್ದ!

"ಯಾರವಳು?" ಎಂದಳು ಮೀನಾ.

"ಯಾರೂ ಇಲ್ಲ ಕಣೆ!"

"ಅಂಗಾದ್ರೆ ನನ್ನಲ್ಲೇನು ಐಬು? ಹೇಳ್ರೀ... ಹೇಳ್ಬುಟ್ರೆ ಹೊಂಟೋಯ್ತೀನಿ!"

"ನಿನ್ನಲ್ಲಲ್ಲ ಮೀನಾ..." ಎದ್ದವನು ಕಣ್ಣು ಕತ್ತಲಿಟ್ಟು ತೂರಾಡಿದ. ಅವಳು ಹಿಡಿದು ನೆರಳಿಗೆ ಕೂರಿಸಿದಳು. ಗಾಳಿಯಾಡಲೆಂದು ಅಂಗಿಯ ಗುಂಡಿ ಬಿಚ್ಚಹೋದರೆ...

"ಬ್ಯಾಡ! ಬ್ಯಾಡ ಕಣೆ!"

ಅಂಗಿಯೊಳಗೆ ದಪ್ಪನೆಯ ಉಲ್ಲನ್ ಸ್ವೆಟರ್. ಬೈಲಕುಪ್ಪೆಯ ಟಿಬೆಟಿಯನ್ನರ ಅಂಗಡಿಯದು.

"ಈ ಬೆಂಕಿ ಮುಂದೆ ಸ್ವೆಟ್ರಾ?!"

ಅವನ ದನಿ ಒಡೆಯಿತು. "ಮೈ ತುಂಬ್ದಂಗೆ ಕಾಣ್ಲಿ ಅಂತ..."

ಎಲ್ಲ ಹೇಳಿದ. ಚಪ್ಪರದ ನಗು. ಗೋಡೆ ಮೇಲಿನ ಗಂಡಸುತನದ ಔಷಧಿಯ ಜಾಹೀರಾತು ನೋಡಿ ಹುಣಸೂರಿನ ಲಾಡ್ಜಿಗೆ ಹೋದದ್ದು. ಅಲ್ಲಿದ್ದ 'ಡಾಕ್ಟರು' ಮಣಿಕಟ್ಟು ಹಿಡಿದು, ಪುಡಿ ಕೊಟ್ಟು, ಹೆಂಡತಿ ಹತ್ತಿರ ಹೋದರೆ ಮಾನ ಹೋಗುತ್ತದೆ ಅಂದದ್ದು.

"ಗೆಳೇರೆಲ್ಲ ಏನೇನೋ ಗೊತ್ತು ಅಂತಾರೆ. ನಂಗೇನೂ ಗೊತ್ತಿಲ್ಲ ಕಣೆ... ನೀನೂ ನಕ್ಬುಟ್ರೆ?"

ಮೀನಾಳ ಮೈಯೆಲ್ಲ ಉರಿಯಿತು. ಅವನ ಮೇಲಲ್ಲ. ಇವನ ಮೈ ನೋಡಿ ಊರು ನಕ್ಕಿದ್ದಕ್ಕೆ, ತಾನು ಕನ್ನಡಿ ಮುಂದೆ ಅಳಬೇಕಾಯಿತಲ್ಲ!

"ನಂಗೇನ್ ಗೊತ್ತೈತೆ ಅನ್ಕೊಂಡ್ರಿ? ನಾನೇನ್ ಟ್ರೈನಿಂಗ್ ಮುಗಿಸ್ಕೊಂಡು ಬಂದಿದೀನಾ?"

ಅಳುತ್ತಿದ್ದವನು ಫಕ್ಕನೆ ನಕ್ಕುಬಿಟ್ಟ. ಅವಳು ಅಂಗಿ ಬಿಡಿಸಿ, ಸ್ವೆಟರ್ ಎಳೆದು ತೆಗೆದಳು. ಸೆರಗಿನಿಂದ ಎದೆಯ ಬೆವರು ಒರೆಸಿ, ಪಕ್ಕೆಯ ಮೇಲೆ ಅಂಗೈ ಇಟ್ಟಳು.

"ಎಣುಸ್ತಿದ್ದೀಯಾ?"

"ಇಲ್ಲ ಕಣ್ರೀ... ಒಳಗೆ ಹೊಡ್ಕೋತೈತಲ್ಲ, ಅದನ್ನ ಮುಟ್ಟಿ ನೋಡ್ತಿದೀನಿ."

"ಅದು... ನಿನ್ನ ನೋಡ್ದಾಗೆಲ್ಲ ಇಂಗೇಯಾ."

ಅಷ್ಟರಲ್ಲಿ ಸಣ್ಣಬೀರಯ್ಯ ಬ್ಯಾಗು ಹಿಡಿದು ಬಂದ. "ನಡಿಯವ್ವ, ಬಸ್ಸಿನ್ ಹೊತ್ತಾಯ್ತು."

"ನಾ ಬರಕಿಲ್ಲ."

ಸಣ್ಣಬೀರಯ್ಯ ಅಳಿಯನತ್ತ ತಿರುಗಿದ. "ಲೇ, ಮೊದ್ಲು ಅಂಗಿ ಆಕ್ಕಳ್ಲಾ! ಆಳುಗಳು ನೋಡುದ್ರೆ ನಗ್ತಾರೆ."

ಉಮಾಶಂಕರ ಎದ್ದು ನಿಂತ. ಬರಿಮೈಯಲ್ಲೇ ಹೋಗಿ ಮಾವನ ಕೈಯಿಂದ ಬ್ಯಾಗು ಕಿತ್ತುಕೊಂಡ.

"ನಗ್ಲಿ ಬುಡು ಮಾವ. ಅಂಗೀನೂ ಆಕ್ಕಳಕಿಲ್ಲ, ಇವಳ್ನೂ ಕಳ್ಸಕಿಲ್ಲ."